ತಪಸ್ಸುಕಾಲದ ಬಾತುಕೋಳಿ

ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಕೋವಿ ಹಿಡಿಯಲು ಕಲಿತೆ. ಅದಕ್ಕೂ ಮೊದಲು ನಾನು ಕೊಂದ ಪ್ರಾಣಿ ಎಂದರೆ ಲಂಡನ್ನಿನ ಹ್ಯಾರೋದ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಸಿಕ್ಕ ಒಂದು ಇಲಿ, ಅದೂ ಬೋನಿಗೆ ತಾನಾಗಿ ಬಂದು ಬಿದ್ದದ್ದು. ಕ್ಯಾನರಿ ವಾರ್ಫಿನ ಬ್ಯಾಂಕೊಂದರಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವನಿಗೆ ಈ ಹುಚ್ಚು ಯಾಕೆ ಹಿಡಿಯಿತೆಂದು ಆಫೀಸಿನಲ್ಲಿ ಕೇಳಿದವರಿಗೆಲ್ಲ ಹವ್ಯಾಸ ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದೆ. ನಿಜವಾದ ಕಾರಣ ಹೇಳಿದ್ದು ಲೈಸೆನ್ಸಿನ ವಿಚಾರಣೆಗೆ ಬಂದ ಪೊಲೀಸಿನವನಿಗೆ ಮಾತ್ರ. ನನ್ನ ಅಮ್ಮನಿಗೆ ಕಾಡುಬಾತು ತಿನ್ನುವ ಆಸೆಯಾಗಿದೆ ಎಂದೆ. ಅವನು ತಲೆಯೆತ್ತಿ ನನ್ನನ್ನೊಮ್ಮೆ ನೋಡಿ, ಅದನ್ನು ಹಾಗೆಯೇ ಬರೆದುಕೊಂಡ.

ಅಮ್ಮನಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ತಿಳಿದದ್ದು ಆ ವರ್ಷದ ಈಸ್ಟರ್ ಕಳೆದ ಮೇಲೆ. ಎಂಬತ್ತು ದಾಟಿದವಳಿಗೆ ಆಪರೇಷನ್ ಮಾಡಿ ಪ್ರಯೋಜನವಿಲ್ಲ, ಹೆಚ್ಚೆಂದರೆ ಒಂದು ವರ್ಷ, ಇಷ್ಟಪಟ್ಟದ್ದನ್ನು ತಿನ್ನಲು ಕೊಡಿ ಎಂದರು ಡಾಕ್ಟರು. ಆದರೆ ಅವಳಿಗೆ ಯಾವುದೂ ಇಷ್ಟವಾಗುತ್ತಿರಲಿಲ್ಲ. ನನ್ನ ಹೆಂಡತಿ ಮೀನು, ಕೋಳಿ, ಗಂಜಿ, ಪಾಯಸ ಎಂದು ದಿನಕ್ಕೊಂದು ಮಾಡಿ ಸೋತಳು. ಕೊನೆಗೊಂದು ದಿನ ಅಮ್ಮ ತಾನಾಗಿಯೇ ಬಾಯಿ ಬಿಟ್ಟಳು. ಅವಳು ಚಿಕ್ಕವಳಿದ್ದಾಗ ಅವಳ ಅಪ್ಪ ಯಾರದೋ ಕೋವಿ ಕೇಳಿ ತಂದು, ಹೊಳೆಬದಿಯ ಗದ್ದೆಗೆ ಇಳಿಯುವ ಕಾಡುಬಾತು ಹೊಡೆದು ತರುತ್ತಿದ್ದರಂತೆ. ಅವಳ ತಾಯಿ ಅದನ್ನು ಕಾಳುಮೆಣಸು, ಕಳ್ಳಿನ ವಿನೆಗರ್ ಹಾಕಿ ಮಣ್ಣಿನ ಮಡಕೆಯಲ್ಲಿ ಬೇಯಿಸುತ್ತಿದ್ದರಂತೆ. ಅದೊಂದು ಸಿಕ್ಕಿದರೆ ಎರಡು ತುತ್ತು ತಿನ್ನುತ್ತಿದ್ದೆನೋ ಏನೋ ಎಂದಳು.

ನಾನು ಮರುದಿನವೇ ಕ್ವೀನ್ಸ್‌ಬರಿಗೆ ಹೋಗಿ ಕಟುಕನ ಅಂಗಡಿಯಿಂದ ದೊಡ್ಡದೊಂದು ಬಾತುಕೋಳಿ ತಂದೆ. ನಮ್ಮದು ಉಡುಪಿ ಕಡೆಯ ಕ್ರೈಸ್ತ ಕುಟುಂಬ, ಮನೆಮಾತು ಕೊಂಕಣಿ. ಆದರೆ ಅಮ್ಮ ಊರಿನ ಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಟೀಚರ್ ಆಗಿದ್ದವಳು. ಅಡುಗೆ, ಪ್ರಾರ್ಥನೆ, ಪಕ್ಕದ ಮನೆಯ ಸುದ್ದಿ ಎಲ್ಲ ಕೊಂಕಣಿಯಲ್ಲಿ. ನನ್ನನ್ನು ತಿದ್ದುವುದು, ಬೈಯುವುದು, ಗಂಭೀರವಾದದ್ದೇನಾದರೂ ಹೇಳುವುದು ಮಾತ್ರ ಕನ್ನಡದಲ್ಲಿ. ಆ ದಿನ ಒಂದು ತುಂಡು ಬಾಯಿಗಿಟ್ಟು, ಪಕ್ಕಕ್ಕೆ ಸರಿಸಿ, ಕನ್ನಡದಲ್ಲೇ ತೀರ್ಪು ಕೊಟ್ಟಳು.

"ಇದೆಂಥ ಬಾತುಕೋಳಿ ಪುತಾ? ಬರೀ ಕೊಬ್ಬು. ಇದಕ್ಕೆ ಒಂದು ದಿನವೂ ಹಾರಿ ಗೊತ್ತಿಲ್ಲ."

ಮಗನನ್ನು ಪುತಾ ಎನ್ನುವುದು ಮಾತ್ರ ಯಾವ ಭಾಷೆಯಲ್ಲಿ ಬೈದರೂ ಬದಲಾಗುತ್ತಿರಲಿಲ್ಲ. ಹಾರಿದ ಬಾತನ್ನೇ ತಂದುಕೊಡುತ್ತೇನೆ ಎಂದು ನಾನು ಆವತ್ತೇ ಮಾತು ಕೊಟ್ಟೆ. ನನ್ನ ಸ್ವಭಾವವೇ ಹಾಗೆ, ಮೂಗಿನ ತುದಿಯಲ್ಲಿ ಕೋಪ, ನಾಲಗೆಯ ತುದಿಯಲ್ಲಿ ಪ್ರತಿಜ್ಞೆ.

ಈ ದೇಶದಲ್ಲಿ ಕೋವಿ ಇಟ್ಟುಕೊಳ್ಳುವುದು ಅಷ್ಟು ಸುಲಭವಲ್ಲ. ನನ್ನ ತಲೆ ನೆಟ್ಟಗಿದೆ ಎಂದು ನಮ್ಮ ಜಿಪಿ ಡಾಕ್ಟರು ಬರೆದುಕೊಡಬೇಕು, ನಾನು ಯೋಗ್ಯನೆಂದು ಪರಿಚಯದವರೊಬ್ಬರು ಹೇಳಬೇಕು, ಗೋಡೆಗೆ ಬೋಲ್ಟ್ ಹಾಕಿದ ಉಕ್ಕಿನ ಬೀರು ಬೇಕು. ಆ ಬೀರು ನೋಡಲೆಂದೇ ಪೊಲೀಸಿನವನು ಬಂದದ್ದು. ಮನೆಯವರಿಗೆ ಇದರಿಂದ ಹೆದರಿಕೆಯೇನಾದರೂ ಇದೆಯೇ ಎಂದು ಅಮ್ಮನನ್ನು ಕೇಳಿದ. ಅಮ್ಮ ಅವನಿಗೆ ಚಹಾ ಕೊಡಿಸಿ, ಇವನಿಗೆ ಸೊಳ್ಳೆ ಹೊಡೆಯಲಿಕ್ಕೂ ಬರುವುದಿಲ್ಲ, ಹೆದರಬೇಕಾದದ್ದು ಏನೂ ಇಲ್ಲ ಎಂದು ಟೀಚರಿನ ಇಂಗ್ಲಿಷಿನಲ್ಲಿ ಧೈರ್ಯ ಹೇಳಿದಳು. ಅವನು ನಗುತ್ತಾ ಹೋದ. ಲೈಸೆನ್ಸ್ ಕೈಗೆ ಬರುವಾಗ ಮಾತ್ರ ನವೆಂಬರ್ ಮುಗಿಯುತ್ತಾ ಬಂದಿತ್ತು.

ಅಷ್ಟರಲ್ಲಿ ನಾನು ಶನಿವಾರಗಳಲ್ಲಿ ಹೊಲವೊಂದರಲ್ಲಿ ಬಾಡಿಗೆ ಕೋವಿ ಹಿಡಿದು, ಯಂತ್ರ ಎಸೆಯುವ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಟ್ಟು, ಭುಜವೆಲ್ಲ ನೀಲಿ ಮಾಡಿಕೊಂಡಿದ್ದೆ. ಥೇಮ್ಸ್ ನದಿ ಸಮುದ್ರ ಸೇರುವ ಕಡೆಯ ಜೌಗಿನಲ್ಲಿ ಬೇಟೆಯಾಡುವ ಒಂದು ಕ್ಲಬ್ಬಿಗೂ ಸೇರಿದ್ದೆ. ಹೊಸಬರು ಒಬ್ಬರೇ ಹೋಗುವಂತಿಲ್ಲ. ನನಗೆ ಜೊತೆಯಾದವನು ಎಪ್ಪತ್ತು ದಾಟಿದ ಒಬ್ಬ ನಿವೃತ್ತ ಪೋಸ್ಟ್‌ಮನ್, ಅವನ ಜೊತೆ ಅವನಷ್ಟೇ ಕಡಿಮೆ ಮಾತಿನ ಕಪ್ಪು ನಾಯಿ. ಬೆಳಕು ಹರಿಯುವ ಮೊದಲೇ ಕೆಸರಿನ ಕಾಲುವೆಯ ಅಂಚಿನಲ್ಲಿ ಕುಳಿತು, ಬಾತುಗಳು ಸಮುದ್ರದಿಂದ ಹೊಲಗಳ ಕಡೆಗೋ ಹೊಲಗಳಿಂದ ಸಮುದ್ರದ ಕಡೆಗೋ ಹಾರುವುದನ್ನು ಕಾಯಬೇಕು. ಯಾವ ಹಕ್ಕಿಯೆಂದು ಖಾತ್ರಿಯಾಗದೆ ಕೋವಿಯ ಕುದುರೆಗೆ ಬೆರಳು ಇಡಕೂಡದು. ಇರುವ ಕಡೆಗೆ ಹೊಡೆದರೆ ಹಕ್ಕಿ ಅಲ್ಲಿರುವುದಿಲ್ಲ, ಅದು ಹೋಗುವ ಕಡೆಗೆ ಹೊಡೆಯಬೇಕು ಎಂದು ಅವನು ಮೊದಲ ದಿನ ಹೇಳಿಕೊಟ್ಟ. ನಾನು ಡಿಸೆಂಬರ್ ಪೂರ್ತಿ ಹಕ್ಕಿ ಇದ್ದ ಕಡೆಗೇ ಹೊಡೆದೆ.

ಪ್ರತಿ ಶನಿವಾರ ಮಧ್ಯಾಹ್ನ ಬರಿಗೈಯಲ್ಲಿ ಮನೆಗೆ ಬರುತ್ತಿದ್ದೆ. ಅಮ್ಮ ಹಾಸಿಗೆಯಲ್ಲೇ ಎದ್ದು ಕುಳಿತು ಕಾಯುತ್ತಿದ್ದಳು. ಇವತ್ತು ಎಷ್ಟು ಹಕ್ಕಿಗೆ ಜೀವದಾನ ಮಾಡಿದೆ ಎಂದು ಕೇಳುತ್ತಿದ್ದಳು. ನಾನು ಜೌಗಿನ ಕತೆ ಹೇಳುತ್ತಾ ಅವಳ ಕಾಲು ಒತ್ತುತ್ತಿದ್ದೆ. ಕಾಲು ವಾರದಿಂದ ವಾರಕ್ಕೆ ಸಣ್ಣಗಾಗುತ್ತಿತ್ತು.

ಬೇಟೆಯ ಸೀಸನ್ನಿನಲ್ಲಿ ಹೊಡೆದ ಕಾಡುಬಾತೇ ಸೆಂಟ್ರಲ್ ಲಂಡನ್ನಿನ ಕೆಲವು ಅಂಗಡಿಗಳಲ್ಲಿ ಸಿಗುತ್ತದೆ, ಒಂದು ತಂದುಬಿಡಿ ಎಂದು ಹೆಂಡತಿ ಅಕ್ಟೋಬರಿನಿಂದಲೇ ಹೇಳುತ್ತಿದ್ದಳು. ನಾನು ಕೇಳಲಿಲ್ಲ. ಹೊಡೆದು ತರುತ್ತೇನೆಂದು ಹೇಳಿ ಆಗಿದೆ, ಅಂಗಡಿಯದ್ದು ತಂದು ಅಮ್ಮನ ಮುಂದೆ ಹೇಗೆ ಇಡಲಿ ಎಂದು ರೇಗಿದೆ. ಆಗ ತಂದಿದ್ದರೆ ಅಮ್ಮ ಎರಡು ತುತ್ತಲ್ಲ, ಒಂದು ತಟ್ಟೆ ತಿನ್ನುತ್ತಿದ್ದಳು. ನನ್ನ ಜಂಬಕ್ಕೆ ನಾನೇ ಹಾಕಿಕೊಂಡ ಬೆಲೆ ಅದು, ಮತ್ತು ಅದನ್ನು ತೆತ್ತವಳು ಅಮ್ಮ.

ಜನವರಿಯಲ್ಲಿ ಒಂದು ಬಾತು ಬಿತ್ತು. ಕಾಲುವೆಯ ಆಚೆ ಬಿತ್ತು. ಉಬ್ಬರದ ನೀರು ಏರುತ್ತಿತ್ತು. ನಾನು ಇಳಿಯಲು ಹೊರಟಾಗ ಮುದುಕ ನನ್ನ ಕಾಲರ್ ಹಿಡಿದು ಎಳೆದ, ನಾಯಿಯನ್ನೂ ಬಿಡಲಿಲ್ಲ. ನಾವು ನೋಡುತ್ತಿದ್ದಂತೆಯೇ ನೀರು ಅದನ್ನು ಎತ್ತಿಕೊಂಡು ಹೋಯಿತು. ಕಾರಿನಲ್ಲಿ ಕುಳಿತು ನಾನು ಅತ್ತೆ. ಸತ್ತ ಹಕ್ಕಿಗಾಗಿ ಅಲ್ಲ, ಅಮ್ಮನಿಗೆ ಏನು ಹೇಳಲಿ ಎಂದು.

ಫೆಬ್ರವರಿ ನಡುವಿಗೆ ಅಮ್ಮ ಗಂಜಿಯ ತಿಳಿಯನ್ನಷ್ಟೇ ಕುಡಿಯುತ್ತಿದ್ದಳು. ಸೀಸನ್ ಮುಗಿಯಲು ಮೂರೇ ದಿನ ಬಾಕಿ. ನಾನು ಬುಧವಾರ ರಜೆ ಹಾಕಿ ಮುದುಕನನ್ನು ಕಾಡಿ ಬೇಡಿ ಹೊರಡಿಸಿದೆ. ಆ ಬೆಳಗ್ಗೆ, ಬಿಳಿ ಮಂಜಿನೊಳಗಿಂದ ಎರಡು ಬಾತು ತಗ್ಗಿನಲ್ಲಿ ಬಂದವು. ನಾನು ಮುಂದಿನದರ ಮುಂದಕ್ಕೆ ಹೊಡೆದೆ. ಅದು ಈಚೆಯ ದಡದಲ್ಲೇ ಬಿತ್ತು. ನಾಯಿ ತಂದು ಮುದುಕನ ಕೈಗೆ ಕೊಟ್ಟಿತು, ಮುದುಕ ನನ್ನ ಕೈಗೆ ಕೊಟ್ಟ. ಹಸಿರು ತಲೆಯ ಗಂಡು, ಇನ್ನೂ ಬೆಚ್ಚಗಿತ್ತು. ಮನೆಯ ತನಕ ಅಷ್ಟು ದೂರ ಸೀಟಿ ಹೊಡೆಯುತ್ತಾ ಕಾರು ಓಡಿಸಿದೆ.

ಬೂಟು ಕಳಚದೆಯೇ ಅಮ್ಮನ ಕೋಣೆಗೆ ನುಗ್ಗಿ ಹಕ್ಕಿಯನ್ನು ಎತ್ತಿ ಹಿಡಿದೆ. ಅಮ್ಮನ ಮುಖ ಅರಳಿತು, ನಿಜಕ್ಕೂ ಅರಳಿತು. ಆಮೇಲೆ ನಾನು ಅವಳ ಹಣೆ ನೋಡಿದೆ. ಹಣೆಯ ಮೇಲೆ ಬೂದಿಯ ಶಿಲುಬೆ ಇತ್ತು. ಚರ್ಚಿನಿಂದ ಯಾರೋ ಬಂದು ಹಚ್ಚಿ ಹೋಗಿದ್ದರು. ಅಂದು ವಿಭೂತಿ ಬುಧವಾರ. ಈಸ್ಟರಿನ ತನಕ ನಲವತ್ತು ದಿನದ ತಪಸ್ಸುಕಾಲ ಅಂದಿನಿಂದ ಶುರು. ಆ ದಿನಗಳಲ್ಲಿ ಅಮ್ಮ ಮಾಂಸ ಮುಟ್ಟಿದ್ದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಚರ್ಚಿನ ಕಡೆ ತಲೆ ಹಾಕದ ನನಗೆ ಯಾವ ಬುಧವಾರ ಯಾವುದೆಂದು ಹೊಳೆದೇ ಇರಲಿಲ್ಲ.

"ಚಂದ ಉಂಟು," ಎಂದಳು ಅಮ್ಮ, ಅದರ ಕತ್ತು ಸವರುತ್ತಾ. "ಫ್ರೀಜರಲ್ಲಿಡು. ಈಸ್ಟರಿಗೆ ಮಾಡುವಾ."

ಕಾಯಿಲೆಯವರಿಗೆ ಯಾವ ಕಟ್ಟುಪಾಡೂ ಇಲ್ಲ, ಬೇಕಾದರೆ ಫಾದರಿಗೇ ಫೋನ್ ಮಾಡಿಸುತ್ತೇನೆ ಎಂದೆ. ಬೇರೆಯವರಿಗೆ ಇಲ್ಲದಿರಬಹುದು, ನಂದು ಬೇರೆ ಉಂಟು, ನಿನಗೆ ಅದೆಲ್ಲ ಯಾಕೆ ಎಂದಳು. ನಾನು ಅಂಗಲಾಚಿದೆ, ಆಮೇಲೆ ವಾದ ಮಾಡಿದೆ, ಆಮೇಲೆ ಕೂಗಿದೆ. ಹತ್ತು ತಿಂಗಳ ಓಡಾಟ, ಕೆಸರು, ಚಳಿ, ನಿದ್ದೆಗೇಡು ಎಲ್ಲ ಒಟ್ಟಿಗೆ ಬಾಯಿಗೆ ಬಂತು.

"ಈಸ್ಟರಿಗೆ ನೀನು ಇರ್ತೀಯಾ?"

ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. ಅಮ್ಮ ಕಣ್ಣೆತ್ತಿ ನನ್ನನ್ನು ನೋಡಿದಳು. ಕೋಪವೇನೂ ಇರಲಿಲ್ಲ.

"ಇಲ್ಲದಿದ್ರೆ ನೀವು ತಿನ್ನಿ," ಎಂದಳು.

ಹಿತ್ತಲಿನಲ್ಲಿ ಚಳಿಗೆ ನಡುಗುತ್ತಾ ಕುಳಿತು ಪುಕ್ಕ ಕಿತ್ತೆ. ಪುಕ್ಕಗಳು ಬೇಲಿ ಹಾರಿ ಪಕ್ಕದ ಗುಜರಾತಿ ಅಜ್ಜಿಯ ತುಳಸಿ ಕುಂಡದ ಹತ್ತಿರ ಹೋಗಿ ಕುಳಿತವು. ಆಕೆ ಕಿಟಕಿ ಮುಚ್ಚಿದ್ದು ಕೇಳಿಸಿತು. ಶುಚಿ ಮಾಡಿದ ಬಾತನ್ನು ಫ್ರೀಜರಿನಲ್ಲಿಟ್ಟೆ. ಐದು ದಿನ ಇಟ್ಟೆ. ಆರನೆಯ ದಿನ ಅಮ್ಮ ಗಂಜಿಯ ತಿಳಿಯನ್ನೂ ಬೇಡ ಎಂದಳು. ದಿನಾ ಬರುತ್ತಿದ್ದ ನರ್ಸು, ಏನು ಒಳಗೆ ಹೋದರೂ ಸರಿ, ಕೊಟ್ಟು ನೋಡಿ ಎಂದಳು.

ಅಂದು ಮಧ್ಯಾಹ್ನ ಹೆಂಡತಿ ಕೆಲಸಕ್ಕೆ ಹೋಗಿದ್ದಾಗ ನಾನು ಬಾತನ್ನು ಹೊರತೆಗೆದೆ. ಕಾಳುಮೆಣಸು ಹಾಕಿ ಮೂರು ಗಂಟೆ ಬೇಯಿಸಿದೆ. ಮಾಂಸವನ್ನೆಲ್ಲ ತೆಗೆದಿಟ್ಟು, ರಸವನ್ನು ಬಟ್ಟೆಯಲ್ಲಿ ಸೋಸಿ, ಕ್ಯಾರೆಟ್ಟು ಬೀನ್ಸು ಅರೆದು ಬೆರೆಸಿದೆ. ಬಣ್ಣ ತರಕಾರಿಯದ್ದೇ ಬಂತು. ಬಟ್ಟಲಿಗೆ ಹಾಕಿ ತಂದು ತರಕಾರಿ ಸೂಪ್ ಎಂದೆ. ಎಂಬತ್ತು ದಾಟಿದ ತಾಯಿಯ ಮುಂದೆ ಕುಳಿತು ಹಸಿ ಸುಳ್ಳು ಹೇಳಿದೆ, ನಾಚಿಕೆಯೂ ಆಗಲಿಲ್ಲ.

ಮೊದಲ ಚಮಚ ಬಾಯಿಗೆ ಹೋದ ಕೂಡಲೇ ಅಮ್ಮ ನನ್ನ ಕೈ ತಡೆದಳು. ಕಣ್ಣು ಮುಚ್ಚಿದಳು. ಯಾರು ಮಾಡಿದ್ದು ಎಂದು ಕೇಳಿದಳು. ನಾನೇ ಎಂದೆ. ಅವಳು ಮತ್ತೆ ಬಾಯಿ ತೆರೆದಳು. ಒಂದೊಂದೇ ಚಮಚವಾಗಿ ಇಡೀ ಬಟ್ಟಲು ಮುಗಿಸಿದಳು. ಒಂದು ತಿಂಗಳಲ್ಲಿ ಅವಳು ಅಷ್ಟು ಕುಡಿದಿರಲಿಲ್ಲ. ಸಂಜೆ ಹೆಂಡತಿ ಬಂದಾಗ ಅಡುಗೆಕೋಣೆಯಲ್ಲಿ ಗುಟ್ಟಾಗಿ ಎಲ್ಲ ಹೇಳಿ, ಗೆದ್ದವನ ಹಾಗೆ ನಕ್ಕೆ. ಅವಳು ನಗಲಿಲ್ಲ. ಮಾಡಬಾರದಿತ್ತು ಎಂದಷ್ಟೇ ಹೇಳಿ, ಅಮ್ಮನ ತಲೆ ಬಾಚಲು ಹೋದಳು.

ಮರುದಿನ ಬೆಳಗ್ಗೆ ಫಾದರ್ ಬಂದರು. ಅಮ್ಮ ಪಾಪನಿವೇದನೆ ಮಾಡಬೇಕಂತೆ ಎಂದು ಹೆಂಡತಿ ಹೇಳಿದಳು. ಹಾಸಿಗೆಯಲ್ಲಿ ಮಲಗಿಕೊಂಡು ಇವಳು ಯಾವ ಪಾಪ ಮಾಡಿದಳಪ್ಪ ಎಂದು ನಾನು ತಮಾಷೆ ಮಾಡಿದೆ. ಫಾದರ್ ನಗಲಿಲ್ಲ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಅಮ್ಮ ನನ್ನನ್ನು ಕರೆದು ಹತ್ತಿರ ಕೂರಿಸಿಕೊಂಡು, ನನ್ನ ಹಣೆ, ಕೆನ್ನೆ, ಕತ್ತು ಎಲ್ಲ ಮುಟ್ಟಿ ನೋಡಿದಳು, ಮಗುವಿಗೆ ಜ್ವರ ಇದೆಯೋ ಎಂದು ನೋಡುವ ಹಾಗೆ. ನನಗೇನಾಗಿದೆ ಎಂದೆ. ಏನೂ ಇಲ್ಲವಲ್ಲ ಎಂದು ಕೈ ಬಿಟ್ಟಳು.

ಹನ್ನೊಂದು ದಿನದ ನಂತರ ಅಮ್ಮ ಹೋದಳು. ಈಸ್ಟರಿಗೆ ಇನ್ನೂ ನಾಲ್ಕು ವಾರವಿತ್ತು.

ಅಮ್ಮನ ತಂಗಿ, ನನ್ನ ಮಾವ್ಶಿ, ಊರಿನಿಂದ ಮಣ್ಣಿಗೆ ಬಂದಿದ್ದಳು. ಮಣ್ಣು ಕಳೆದ ಸಂಜೆ ನಾವು ಮೂವರೇ ಉಳಿದಾಗ, ನಾನು ಹಗುರಾಗಲೆಂದು ಸೂಪಿನ ಕತೆಯನ್ನು ಅವಳಿಗೆ ಹೇಳಿದೆ. ಕೊನೆಗೂ ಅಮ್ಮನ ಹೊಟ್ಟೆಗೆ ನಾನು ತಂದ ಬಾತು ಹೋಯಿತು ಎಂದೆ. ಮಾವ್ಶಿಯ ಕೈಯಲ್ಲಿದ್ದ ಲೋಟ ಮೇಜಿಗೆ ಬಂತು. ನಿನಗೆ ಅವಳು ಹೇಳಿರಲೇ ಇಲ್ಲವಾ ಎಂದು ಕೇಳಿದಳು.

ನನಗೆ ಎರಡು ವರ್ಷವಿದ್ದಾಗ ಮಿದುಳು ಜ್ವರ ಬಂದಿತ್ತಂತೆ. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರಂತೆ. ಅದು ತಪಸ್ಸುಕಾಲ. ಅಮ್ಮ ನನ್ನನ್ನು ಎತ್ತಿಕೊಂಡೇ ಚರ್ಚಿಗೆ ಹೋಗಿ, ಈ ಮಗು ಉಳಿದರೆ ನಾನು ಬದುಕಿರುವವರೆಗೆ ತಪಸ್ಸುಕಾಲದಲ್ಲಿ ಮಾಂಸ ಬಾಯಿಗೆ ಇಡುವುದಿಲ್ಲ ಎಂದು ಹರಕೆ ಹೊತ್ತಳಂತೆ. ಹರಕೆ ಮುರಿದರೆ ಅದು ಮಗುವಿಗೇ ತಾಗುತ್ತದೆ ಎಂದು ಅವಳ ನಂಬಿಕೆ. ಮಗನಿಗೆ ಹೇಳಬೇಡ, ಅವನಿಗೆ ಅದೊಂದು ಭಾರ ಯಾಕೆ ಎಂದು ಮಾವ್ಶಿಯ ಬಾಯಿಯನ್ನೂ ಕಟ್ಟಿದ್ದಳು.

ನಾನು ಅದನ್ನೆಲ್ಲ ನಂಬುವವನಲ್ಲ. ಅವಳು ನಂಬಿದ್ದಳು. ಚಿಕ್ಕಂದಿನಿಂದ ನಾಲಗೆಯಲ್ಲಿ ಉಳಿದಿದ್ದ ರುಚಿ ಅದು, ಮೊದಲ ಚಮಚಕ್ಕೇ ಅವಳಿಗೆ ಗೊತ್ತಾಗಿತ್ತು. ಮಗ ಮಾಡಿದ್ದೆಂದು ಬಟ್ಟಲು ಮುಗಿಸಿದಳು, ಮುಗಿಸಿದ ಮೇಲೆ ಉಳಿದ ಹನ್ನೆರಡು ದಿನ ನನಗೇನಾಗುತ್ತದೋ ಎಂದು ಹೆದರಿಕೊಂಡೇ ಬದುಕಿದಳು. ನಾನು ಮಾವ್ಶಿಯ ಎದುರಿಗೆ ಗೋಡೆಗೆ ಹಣೆ ಒತ್ತಿ ನಿಂತೆ.

ಆಗ ನನ್ನ ಹೆಂಡತಿ ಮಾತಾಡಿದಳು. ಸೂಪ್ ಕುಡಿದ ಸಂಜೆ ತಲೆ ಬಾಚುವಾಗ ಅಮ್ಮ ಅವಳ ಕೈ ಹಿಡಿದು ಒಂದು ಪ್ರಶ್ನೆ ಕೇಳಿದ್ದಳಂತೆ. ತನ್ನ ಆಸೆಗಾಗಿ ಮಗನ ಕೈಗೆ ಕೋವಿ ಬಂದದ್ದನ್ನೇ ತಪ್ಪು ಎನ್ನುತ್ತಿದ್ದಾಳೆ ಎಂದುಕೊಂಡು, ಬೇಟೆಯ ಸೀಸನ್ ಮುಗಿಯಿತಲ್ಲ ಅಮ್ಮ, ಇನ್ನೇನು ಹೆದರಿಕೆ ಎಂದು ಇವಳು ಸಮಾಧಾನ ಹೇಳಿದ್ದಳಂತೆ. ಅಮ್ಮ ಕೇಳಿದ ಮಾತನ್ನು ಇವಳು ಹಾಗೆಯೇ ಹೇಳಿದಳು.

"ತಪ್ಪು ನಾನು ಮಾಡಿದ್ದಾದ್ರೆ ಅವನಿಗೆ ಏನೂ ಆಗುವುದಿಲ್ಲ ಅಲ್ವಾ? ನಾಳೆ ಫಾದರನ್ನು ಕರೆಸು."