ದಾರ ಸುತ್ತಿದ ಸಾಲು

ಕುಮಟೆಯ ವಾರಪತ್ರಿಕೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಅಚ್ಚಿನ ಮೊಳೆ ಜೋಡಿಸಿದ ಕೃಷ್ಣಾನಂದರಿಗೆ ಈಗ ಎಂಬತ್ತು ದಾಟಿದೆ. ಪತ್ರಿಕೆ ನಿಂತು ಎಷ್ಟೋ ಕಾಲವಾಯಿತು. ಹಳೆಯ ಸಂಚಿಕೆಗಳ ಕಟ್ಟು ಮಾತ್ರ ಅಟ್ಟದ ಮೇಲೆ ಗೆದ್ದಲಿನೊಡನೆ ಸಂಸಾರ ಹೂಡಿತ್ತು. ಹೊನ್ನಾವರದಲ್ಲಿ ಕಾಲೇಜು ಓದುವ ಮೊಮ್ಮಗಳು ಸ್ಮೃತಿ ರಜೆಗೆ ಬಂದವಳು ಅದನ್ನು ಕೆಳಗಿಳಿಸಿದಳು. ಹಳೆಯ ಪತ್ರಿಕೆಗಳ ಭಾಷೆಯ ಮೇಲೆ ಪ್ರಬಂಧ ಬರೆಯಬೇಕಂತೆ.

ಮೂರನೆಯ ದಿನ ನಗುತ್ತ ಬಂದಳು. "ಅಜ್ಜಾ, ನಿಮ್ಮ ಕಾಲದಲ್ಲಿ ಯಾರೂ ನೆಟ್ಟಗೆ ನಡ್ಕಂಡು ಬರ್ತಿರ್ಲಿಲ್ವಾ? ಕಳ್ಳ ನುಸುಳ್ತಾನೆ, ಚಿರತೆ ನುಸುಳ್ತದೆ, ಭಟ್ಕಳದ ಗದ್ದೆಗೆ ಉಪ್ಪುನೀರೂ ನುಸುಳ್ತದೆ. ನೂರಾ ಹನ್ನೆರಡು ಸಲ!"

ಕೃಷ್ಣಾನಂದರೂ ನಕ್ಕರು. ಒಂದೊಂದೇ ಅಕ್ಷರ ಹೆಕ್ಕಿ ಜೋಡಿಸುವ ಕೆಲಸ ಅದು. ಮತ್ತೆ ಮತ್ತೆ ಬರುವ ಮಾತನ್ನು ಪ್ರತಿಸಲ ಹೆಕ್ಕಲು ಯಾರಿಗೆ ಪುರುಸೊತ್ತು? 'ಮನೆಯೊಳಗೆ ನುಸುಳಿ' ಎಂಬ ಮೊಳೆಗಳನ್ನು ದಾರ ಸುತ್ತಿ ಪಕ್ಕಕ್ಕಿಟ್ಟಿರುತ್ತಿದ್ದರು. ಕಳ್ಳತನದ ಸುದ್ದಿ ಬಂತೋ, ಎತ್ತಿ ಕೂರಿಸಿದರಾಯಿತು.

"ಇದನ್ನೇ ಉದಾಹರಣೆ ಕೊಡ್ತೆ, ಕೇಳಿ," ಎಂದು ಸ್ಮೃತಿ ಒಂದು ಸಂಚಿಕೆ ಬಿಡಿಸಿದಳು. "'ಬಾಡ ಗ್ರಾಮದ ಬೀರಪ್ಪ ಎಂಬಾತ ಮನೆಯೊಳಗೆ ನುಸುಳಿ...'"

"ಅದು ಬೇಡ." ಕೃಷ್ಣಾನಂದರ ನಗು ಆರಿಹೋಗಿತ್ತು. "ಆ ಹೆಸರು ಇನ್ನೊಂದ್ಸಲ ಅಚ್ಚಾಗೂದು ಬೇಡ."

ಎಂತಕ್ಕೆ ಎಂದು ಅವಳು ಬಿಡದೆ ಕೇಳಿದಾಗ ಬಾಯಿ ಬಿಟ್ಟರು. ವರದಿಗಾರ ಬರೆದು ಕಳಿಸಿದ್ದು ಬೇರೆ: ತೆಂಗಿನಕಾಯಿ ಕೊಯ್ಯಲು ಕರೆಸಿದ್ದ ಬೀರಪ್ಪ ಮನೆಗೆ ಬಂದಿದ್ದ, ಅಂದೇ ತಾಮ್ರದ ಕೊಡ ಕಾಣೆಯಾಯಿತು, ಅಷ್ಟೇ. ಮಧ್ಯಾಹ್ನದೊಳಗೆ ಪುಟ ಮುಗಿಯಬೇಕಿತ್ತು. ಕೈ ತಾನಾಗಿ ದಾರ ಸುತ್ತಿದ ಸಾಲಿನ ಕಡೆ ಹೋಯಿತು. ಬೇಸಿಗೆಯಲ್ಲಿ ಆ ಮನೆಯ ಬಾವಿ ಬತ್ತಿದಾಗ ಕೊಡ ತಳದಲ್ಲಿ ಸಿಕ್ಕಿತು. ಆ ಸುದ್ದಿಯನ್ನು ಯಾರೂ ಬರೆಯಲಿಲ್ಲ. ಬೀರಪ್ಪನನ್ನು ಮತ್ತೆ ಯಾವ ಮನೆಯವರೂ ಕರೆಯಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬುದು ಸುಳ್ಳಲ್ಲ.

ಅವನ ಮಗಳು ಬೆಳ್ಳಿ ಬೆಳಗಾದರೆ ಬಸಳೆ ಸೊಪ್ಪು ಹೊತ್ತು ಇದೇ ಕೇರಿಗೆ ಬರುತ್ತಾಳೆ. ಸೊಪ್ಪು ಮಾರುವ ಉಳಿದವರು ಜಗಲಿಯ ಮೇಲೆ ಬುಟ್ಟಿ ಇಳಿಸಿ ಎಲೆಯಡಿಕೆ ಹಾಕುತ್ತಾರೆ. ಬೆಳ್ಳಿ ಯಾರ ಗೇಟೂ ದಾಟುವವಳಲ್ಲ, ರಸ್ತೆಯಲ್ಲೇ ನಿಂತು ಕೂಗುತ್ತಾಳೆ. ಇಪ್ಪತ್ತು ವರ್ಷದಿಂದ ಕೃಷ್ಣಾನಂದರು ಗೇಟಿನ ಮೇಲಿಂದ ಕೈ ಚಾಚಿ ಸೊಪ್ಪು ತೆಗೆದುಕೊಳ್ಳುತ್ತಾರೆ. ಹೇಳಬೇಕೆಂದದ್ದನ್ನು ಬಿಟ್ಟು ಚಿಲ್ಲರೆ ಎಣಿಸಿ ಕೊಡುತ್ತಾರೆ. ಆ ದಾರ ತಮ್ಮನ್ನೇ ಸುತ್ತಿದಂತೆ ಅವರಿಗೆ ಅನಿಸುತ್ತದೆ.

"ನಂಗೆ ಹೇಳಿ ಎಂತ ಆತು ಅಜ್ಜಾ?" ಎಂದಳು ಸ್ಮೃತಿ. "ಅವಳಿಗೆ ಹೇಳಿ."

ಮರುದಿನ ಬೆಳ್ಳಿ ಕೂಗಿದ ಕೂಡಲೇ ಕೃಷ್ಣಾನಂದರು ಹೋಗಿ ಗೇಟನ್ನು ಪೂರ್ತಿ ತೆರೆದರು. ಎಲ್ಲ ಹೇಳಿದರು. ವರದಿಗಾರನ ತಪ್ಪಲ್ಲ, ತನ್ನ ಕೈಯದೇ ಎಂದರು. ಬೆಳ್ಳಿ ಬುಟ್ಟಿಯನ್ನು ತಲೆಯಿಂದ ಇಳಿಸದೆ ಕೇಳಿದಳು.

"ಒಳಗೆ ಬಾ ಬೆಳ್ಳಿ. ಜಗಲಿ ಮೇಲೆ ಕೂತ್ಕೋ," ಎಂದರು.

"ಅಪ್ಪಂಗೆ ಓದೂಕೆ ಬರ್ತಿರ್ಲಿಲ್ಲ ಒಡೆಯಾ. ಯಾರೋ ಓದಿ ಹೇಳಿದ್ರು. ಸಾಯೂ ತನಕ ಒಂದೇ ಮಾತು ಹೇಳ್ತಿದ್ದ, ಕರ್ದಿದ್ಕೇ ಹೋಗಿದ್ನಲಾ, ಬಾಗಿಲಲ್ಲೇ ಹೋಗಿದ್ನಲಾ ಅಂತ." ಎರಡು ಕಟ್ಟು ಸೊಪ್ಪನ್ನು ಗೇಟಿನ ಕಂಬದ ಮೇಲಿಟ್ಟಳು. "ಈಗ ನೀವೂ ಕರೀತ್ರಿ."

ಅವಳು ಮುಂದಿನ ಮನೆಯ ಕಡೆ ನಡೆದಳು. ಕೃಷ್ಣಾನಂದರು ತೆರೆದ ಗೇಟನ್ನು ಹಿಡಿದುಕೊಂಡು ಒಳಗೇ ನಿಂತಿದ್ದರು.