ಮೇಲಿನ ಬಾಣ, ಎಂಟರ್

ನಾರಾಯಣಗೂಡದ ಕೋಚಿಂಗ್ ಸೆಂಟರಿನಲ್ಲಿ ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಟೈಪಿಸಲು ಕಲಿಸುತ್ತಿದ್ದ ಸರ್ ರಾಯಚೂರಿನವರು. ಒಂದೇ ಆಜ್ಞೆಯನ್ನು ಎರಡು ಸಲ ಟೈಪಿಸಿದರೆ ಬೆರಳಿನ ಗಂಟಿಗೆ ಸ್ಕೇಲಿನ ಏಟು.

"ಮ್ಯಾಲಿನ ಬಾಣ ಒತ್ರಿ, ಹಿಂದಿಂದು ತಾನ ಬರ್ತೈತಿ. ಎಂಟರ್ ಹೊಡೀರಿ. ಕೈ ಸವಸಾಕ ಬಂದೀರೇನು?"

ಒಂದು ಮಶೀನಿಗೆ ಇಬ್ಬರು, ಇಬ್ಬರಿಗೂ ಒಂದೇ ಲಾಗಿನ್. ಬೆಳಗಿನ ಪಾಳಿ ಬೀದರಿನ ಹುಡುಗಿಯದು, ಮಧ್ಯಾಹ್ನದ್ದು ನನ್ನದು. ಅಂದಿನ ಪಾಠ ತೆರೆಯುವ ಆಜ್ಞೆಯನ್ನು ಅವಳು ಕೊನೆಗೊಮ್ಮೆ ಓಡಿಸಿ, ಲಾಗೌಟ್ ಆಗಿ ಏಳುವಳು. ನಾನು ಕೂತು ಲಾಗಿನ್ ಆದವಳೇ ಮೇಲಿನ ಬಾಣ, ಎಂಟರ್. ಅದು ನಮ್ಮ ಒಪ್ಪಂದ. ಅವಳಿಗೆ ಹಾಸ್ಟೆಲಿನ ಊಟ ಸೇರುತ್ತಿರಲಿಲ್ಲವೆಂದು ತಾರ್ನಾಕದ ಸೋದರಮಾವನ ಮನೆಯಿಂದ ದಿನಾ ಒಂದು ಡಬ್ಬಿ ರೊಟ್ಟಿ, ಪಲ್ಯ ಒಯ್ದು ಕೊಡುತ್ತಿದ್ದೆ.

ಕಂಪನಿಗಳು ಜನರನ್ನು ಬಾಚಿಕೊಳ್ಳುತ್ತಿದ್ದ ಕಾಲ. "ಒಂದು ಮಶೀನಿಗೆ ಒಬ್ಬರನ್ನ ಅಷ್ಟ ಕಳಸ್ತೀನಿ. ಶನಿವಾರ ಯಾರ ಪ್ರೋಗ್ರಾಂ ಚಲೋ ಇರ್ತಾವು, ಅವರು" ಎಂದರು ಸರ್. ಕೆಲಸ ಸಿಗದಿದ್ದರೆ ಕಲಬುರಗಿಗೆ ವಾಪಸ್ ಹೋಗು ಎಂದು ಮಾವ ಹೇಳಿಯಾಗಿತ್ತು. ನನ್ನ ಪ್ರೋಗ್ರಾಂಗಳು ಚೆನ್ನಾಗಿದ್ದವು. ಅದು ಅವಳಿಗೂ ಗೊತ್ತಿತ್ತು.

ಶನಿವಾರ ಅವಳು ಡಬ್ಬಿ ಇಸಿದುಕೊಂಡು ವರಾಂಡಕ್ಕೆ ಹೋದಳು. ನಾನು ಕೂತು ಲಾಗಿನ್ ಆಗಿ, ಮೇಲಿನ ಬಾಣ ಒತ್ತಿ ಎಂಟರ್ ಹೊಡೆದೆ. ಪಾಠ ತೆರೆಯಲಿಲ್ಲ. ನೋಡಿದರೆ ನನ್ನ ಒಂದು ಪ್ರೋಗ್ರಾಮೂ ಉಳಿದಿರಲಿಲ್ಲ. ವೈರಸ್ ಬರುತ್ತದೆಂದು ಸರ್ ಫ್ಲಾಪಿ ತರಲು ಬಿಡುತ್ತಿರಲಿಲ್ಲ, ಹಾಗಾಗಿ ನಕಲೂ ಇರಲಿಲ್ಲ.

ಸರ್ ಬಂದು ಬಾಣ ಒತ್ತುತ್ತ ಅವಳ ಹಿಂದಿನ ಆಜ್ಞೆಗಳನ್ನು ಓದಿದರು. ಅವಳು ತನ್ನ ಪ್ರೋಗ್ರಾಂಗಳನ್ನು ಬೇರೆ ಡೈರೆಕ್ಟರಿಗೆ, ಅಂದರೆ ಫೋಲ್ಡರಿಗೆ, ಸಾಗಿಸಿದ್ದಳು. ಆಮೇಲೆ ಖಾಲಿ ಡೈರೆಕ್ಟರಿಯೊಂದನ್ನು ಮಾಡಿ, ಅದರೊಳಗೆ ನಿಂತು, ಎಲ್ಲವನ್ನೂ ಅಳಿಸುವ ಆಜ್ಞೆ ಓಡಿಸಿ, ಲಾಗೌಟ್ ಆಗಿ ಎದ್ದಿದ್ದಳು. ಅಲ್ಲಿ ಅಳಿಯಲು ಏನೂ ಇರಲಿಲ್ಲ. ಹೊರಗೆ, ಲಾಗಿನ್ ಆದೊಡನೆ ನಾನು ನಿಲ್ಲುವ ಮುಖ್ಯ ಡೈರೆಕ್ಟರಿಯಲ್ಲಿ, ನನ್ನದೆಲ್ಲ ಇತ್ತು; ನನ್ನ ಎಂಟರ್ ಅದೇ ಆಜ್ಞೆಯನ್ನು ಅಲ್ಲಿ ಓಡಿಸಿತ್ತು.

ಸರ್ ನಕ್ಕರು. "ಹುಡುಗಿ ಭಾಳ ಶಾಣ್ಯಾಕಿ. ಎಂಟರ್ ಹೊಡದವರು ಯಾರು?"

"ನಾನ ರೀ."

"ನೋಡದ ಹೊಡಿಯಾಕಿನ್ನ ಯಾವ ಕಂಪನಿ ತಗೋತೈತಿ?"

ಕ್ಲಾಸೆಲ್ಲ ಗೊಳ್ಳೆಂದಿತು. ಬಾಣ ಒತ್ತಲು ಸ್ಕೇಲು ಹಿಡಿದು ಕಲಿಸಿದವರೇ ಅವರು! ಅವರನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಕ್ಷಮಿಸುವ ಆಸೆಯೂ ಇಲ್ಲ.

ಕಣ್ಣೊರೆಸಿಕೊಂಡು ಹೊರಬಂದರೆ ಅವಳು ಬಾಗಿಲಲ್ಲೇ ನಿಂತಿದ್ದಳು. ಡಬ್ಬಿಯನ್ನು ಫಳಫಳ ತೊಳೆದು ತಂದಿದ್ದಳು.

"ಅಕ್ಕಾ, ಪುಂಡಿಪಲ್ಯ ಭಾಳ ಚಲೋ ಆಗಿತ್ತ್ರಿ. ಸೋಮವಾರದಿಂದ ನನಗ ತರಬ್ಯಾಡ್ರಿ. ಕಂಪನ್ಯಾಗ ಕ್ಯಾಂಟೀನ್ ಐತಂತ."