ಗೋಡೆಗೆ ಹೇಳಿದ ಕೊನೆ

"ಓಗಮ್ಮ, ಓಗು. ನೀ ಬರೋವೊತ್ಗೆ ಇಲ್ಲಿ ಇನ್ನೊಬ್ಳು ಅಮ್ಮ ಇರ್ತಳೆ. ನಿನ್ ಥರಾನೇ ಇರ್ತಳೆ."

ಹೀಗೆ ಹೇಳಿದ್ದು ಐದು ವರ್ಷದ ಮಗು. ಅಳುತ್ತಾ ಅಲ್ಲ, ರಚ್ಚೆ ಹಿಡಿದೂ ಅಲ್ಲ. ಬಾಗಿಲಿಗೆ ಒರಗಿ ನಿಂತು, ನಗುನಗುತ್ತಾ, ಅಂಗಡಿಗೆ ಹೊರಟವರಿಗೆ ಬಿಸ್ಕತ್ತು ತಾ ಅನ್ನುವಷ್ಟು ಸಲೀಸಾಗಿ. ಕೇಳಿದ ತಾಯಿ ಬ್ಯಾಗ್ ಕೆಳಗಿಟ್ಟು ಅಲ್ಲೇ ಕೂತುಬಿಟ್ಟಳಂತೆ. ನೀವಾಗಿದ್ದರೆ ಹೊಸ್ತಿಲು ದಾಟುತ್ತಿದ್ದಿರಾ?

ತಾಯಿಯ ಹೆಸರು ಸವಿತಾ. ಗುಂಡ್ಲುಪೇಟೆ ಹತ್ತಿರದ ಹಳ್ಳಿಯಲ್ಲಿರುವ ನನ್ನ ಸೋದರತ್ತೆಯ ಸೊಸೆ. ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮಾಡಿ, ಮದುವೆ, ಮಗು ಅಂತ ವರ್ಷಗಟ್ಟಲೆ ಮನೆಯಲ್ಲೇ ಉಳಿದವಳು. ಈಗ ನಮ್ಮ ಚಾಮರಾಜನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅವಳಿಗೆ ಕೆಲಸ ಸಿಕ್ಕಿದೆ. ಸಿಕ್ಕಿದೆ ಅಂದರೆ, ಹೋಗಿ ಸೇರಿಕೊಂಡರೆ ಸಿಕ್ಕ ಹಾಗೆ. ಒಂದು ವಾರದಿಂದ ದಿನಾ ಬೆಳಗ್ಗೆ ಹೊರಡುವುದು, ಮಗು ಈ ಮಾತು ಹೇಳುವುದು, ಇವಳು ಬಸ್ಸು ಬಿಡುವುದು. ಸೋಮವಾರ ಬರದಿದ್ದರೆ ಬೇರೆಯವರನ್ನು ತಗೋತೀವಿ ಅಂತ ಆಸ್ಪತ್ರೆಯವರು ಹೇಳಿದ ಮೇಲೆ ಸವಿತಾ ನನಗೆ ಫೋನ್ ಮಾಡಿದಳು.

"ಅಕ್ಕ, ಒಂದ್ಸಲ ಬಂದೋಗಿ. ಮಗೀಗೆ ಏನೋ ಆಗ್ಬುಟ್ಟದೆ."

ಭಾನುವಾರ ಹೋದೆ. ಅತ್ತೆಯ ಮಗ, ಸವಿತಾಳ ಗಂಡ ಮಹೇಶ ಆಗಲೇ ತನಿಖೆ ಮುಗಿಸಿ ತೀರ್ಪನ್ನೂ ಕೊಟ್ಟಿದ್ದ. "ಎಲ್ಲಾ ಆ ಕಾರ್ಟೂನ್ ರಾಣಿ ಕಣಕ್ಕ ಕಲ್ಸಿರಾದು. ಡಿಲೀಟ್ ಮಾಡ್ಬುಟ್ಟೆ." (ನಮ್ಮ ಗಂಡಸರಿಗೆ ಯಾವ ಸಮಸ್ಯೆಯಾದರೂ ಡಿಲೀಟ್ ಮಾಡಿದರೆ ಮುಗಿಯಿತು.)

ಮಗು ದಿನಾ ನೋಡುತ್ತಿದ್ದ ಆ ಕಾರ್ಟೂನ್ ಸಿನಿಮಾವನ್ನು ನಾನು ನನ್ನ ಮೊಬೈಲಿಗೆ ಹಾಕಿಕೊಂಡು, ಮಗು ಚಿನ್ನುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಪೂರ್ತಿ ನೋಡಿದೆ. ಒಳ್ಳೆ ರಾಣಿ. ನೇರಳೆ ಬಣ್ಣದ ನಿಲುವಂಗಿ, ಬಿಲ್ಲಿನಂಥ ಹುಬ್ಬು. ರಾಜಕುಮಾರಿ ಕಣ್ಣರಳಿಸಿ ಮೊಲಗಳ ಜೊತೆ ಮಾತಾಡುತ್ತಾ, ಆಗಾಗ ಅಳುತ್ತಾ ಕಾಲ ಕಳೆಯುತ್ತಾಳೆ. ಪ್ಲಾನ್ ಹಾಕುವುದು, ಊರು ಆಳುವುದು, ಕತೆ ಮುಂದೆ ತಳ್ಳುವುದು ಎಲ್ಲ ಈ ರಾಣಿಯೇ. ಕೆಲಸ ಇವಳದು, ಸಂಬಳ ಮಾತ್ರ ರಾಜಕುಮಾರಿಗೆ. ನನಗೆ ಯಾವತ್ತೂ ಇಂಥವಳ ಮೇಲೇ ಮನಸ್ಸು. ನಿಮಗೂ ಅಷ್ಟೇ, ಒಪ್ಪಿಕೊಳ್ಳುವುದಿಲ್ಲ, ಅಷ್ಟೆ.

ಆದರೆ ಚಿನ್ನು ಹೇಳಿದ ಮಾತು ಆ ಸಿನಿಮಾದಲ್ಲಿ ಎಲ್ಲೂ ಇರಲಿಲ್ಲ.

ಅಷ್ಟೇ ಅಲ್ಲ, ಈ ರಾಣಿ ಕೋಪ ಬಂದರೆ ಕಿರುಚುತ್ತಾಳೆ, ಗೆದ್ದರೆ ಗಹಗಹಿಸುತ್ತಾಳೆ. ಮೆತ್ತಗೆ ನಗುತ್ತಾ "ಹೋಗಿ ಬಾ" ಅನ್ನುವವಳು ಇವಳಲ್ಲ. ಹಾಗೆ ಅನ್ನುವವಳ ಬಗ್ಗೆ ನಾನು ಎಲ್ಲೋ ಕೇಳಿದ್ದೆ. ಎಲ್ಲಿ ಅಂತ ಮಧ್ಯಾಹ್ನವೆಲ್ಲ ನೆನಪಾಗಲಿಲ್ಲ.

ಸಂಜೆ ನೆನಪಾಯಿತು. ಹೊಲದ ಕಡೆ ಬೆಳಕು ಇನ್ನೂ ಇತ್ತು, ನಡುಮನೆಯಲ್ಲಿ ಆಗಲೇ ಮಬ್ಬು. ಅತ್ತೆ ನೆನೆಸಿದ ಅವರೆಕಾಳಿನ ಬೋಗುಣಿ ಮುಂದಿಟ್ಟುಕೊಂಡು ಒಂದೊಂದೇ ಕಾಳನ್ನು ಹಿಚುಕಿ ಬೇಳೆ ತೆಗೆಯುತ್ತಿದ್ದರು. ಎದುರಿಗೆ ಚಿನ್ನು. ಅತ್ತೆ ಕತೆ ಹೇಳುತ್ತಿದ್ದರು. ಬೇಸಿಗೆ ರಜೆಯಲ್ಲಿ ಇದೇ ನೆಲದ ಮೇಲೆ ಕೂತು ನಾನು ಕೇಳುತ್ತಿದ್ದ ಅದೇ ರಾಜರ ಕತೆ.

ನಮ್ಮ ಹಳೇ ಕಾಲದ ಕತೆಗಳಲ್ಲಿ ರಾಜರು ಆನೆ, ಕುದುರೆ ಕಟ್ಟಿಕೊಂಡು ತಿಂಗಳುಗಟ್ಟಲೆ ಕಾದಾಡುತ್ತಾರೆ. ಒಳಮನೆಯ ರಾಣಿ ಒಂದು ಮಾತಾಡಿ ಅಷ್ಟನ್ನೂ ಮುಗಿಸಿಬಿಡುತ್ತಾಳೆ. ಕೈಗೆ ಕತ್ತಿ ಕೊಡಲಿಲ್ಲ, ಬಾಯಿ ಒಂದಿತ್ತು. ಮತ್ತೇನು ಮಾಡಬೇಕಿತ್ತು? ಅತ್ತೆಯ ಕತೆಯ ಚಿಕ್ಕರಾಣಿ ಇವರೆಲ್ಲರಿಗಿಂತ ಒಂದು ಕೈ ಮೇಲು. ಅವಳು ಸುಳ್ಳು ಹೇಳುವುದಿಲ್ಲ, ದನಿ ಎತ್ತುವುದಿಲ್ಲ. ಹೊಳೆಯಾಚೆಗೆ ಹೊರಟ ದೊಡ್ಡರಾಣಿಗೆ "ಹೋಗಿ ಬನ್ನಿ ಅಕ್ಕ, ಮಗೂನ ನಾನು ನೋಡ್ಕೋತೀನಿ" ಅನ್ನುತ್ತಾಳೆ. ಆ ಮಾತಲ್ಲಿ ಏನು ತಪ್ಪಿದೆ? ಏನೂ ಇಲ್ಲ. ಅದಕ್ಕೇ ಭಯ.

"ಚಿಕ್ರಾಣಿ ದೊಡ್ರಾಣಿ ಸೀರೆ ಉಟ್ಕಂಡ್ಳು, ಅವಳ್ ಮಣೆ ಮ್ಯಾಲೆ ಕುಂತ್ಕಂಡ್ಳು. ಮುಖಾನೂ ಅಂಗೇ ಆಯ್ತು. ಯಾರ್ಗೂ ಗೊತ್ತಾಗ್ನಿಲ್ಲ," ಅಂದರು ಅತ್ತೆ. ಒಂದು ಕಾಳು ಪುಳಕ್ಕನೆ ಸಿಪ್ಪೆಯಿಂದ ಜಾರಿ ಬೋಗುಣಿಗೆ ಬಿತ್ತು. "ಇವತ್ಗೆ ಅಷ್ಟೇಯ. ದೀಪ ಅಚ್ಬೇಕು."

ಚಿನ್ನು ಅಡುಗೆಮನೆ ಕಡೆ ತಿರುಗಿದಳು. ಸವಿತಾ ಆ ಕಡೆ ಮುಖ ಮಾಡಿ ಒಲೆಯ ಮುಂದೆ ನಿಂತಿದ್ದಳು. ಮಗು ಬಹಳ ಹೊತ್ತು ಅವಳ ಬೆನ್ನನ್ನೇ ನೋಡಿ ನನ್ನನ್ನು ಕೇಳಿತು: "ಅದು ನಮ್ಮಮ್ಮನಾ?"



ನಾವು ಚಿಕ್ಕವರಿದ್ದಾಗ ಈ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಶುರು ಮಾಡಿದ ಕತೆಯನ್ನು ಅರ್ಧಕ್ಕೆ ಬಿಡಬಾರದು, ಬಿಟ್ಟರೆ ಕತೆಯವರು ಮನೆಯಲ್ಲೇ ಉಳಿದುಬಿಡುತ್ತಾರೆ. ಅತ್ತೆಯದೇ ಕಟ್ಟಳೆ. ನಾನಂತೂ ಈ ಕತೆಯ ಕೊನೆ ಬರುವ ಮೊದಲೇ ನಿದ್ದೆ ಹೋಗುತ್ತಿದ್ದೆ. ಬೆಳಗ್ಗೆ ಎದ್ದು ಕೇಳಿದರೆ, "ನೀ ಮನಿಕಂಡೆ, ಮಿಕ್ಕಿದ್ದ ಗೋಡೆಗೆ ಯೋಳಿ ಮುಗಿಸ್ದೆ" ಅನ್ನುತ್ತಿದ್ದರು. ಅಷ್ಟು ಕಟ್ಟುನಿಟ್ಟು.

"ಅರ್ಧಕ್ಕೇ ನಿಲ್ಲಿಸಿದ್ರಲ್ಲ ಅತ್ತೆ. ದಿನಾ ಇಲ್ಲಿಗೇ ನಿಲ್ಲಿಸ್ತೀರಾ?"

ಅತ್ತೆ ತಲೆ ಎತ್ತಲಿಲ್ಲ. "ನಾನೇನ್ ಮಾಡ್ದೆ? ಕತೆ ಯೋಳ್ದೆ ಕಣವ್ವ, ಅಷ್ಟೇಯ."

ಅಂದು ನಕ್ಕರು. ಮೆತ್ತಗೆ.

ನನಗೆ ಸಿಟ್ಟು ಬಂತು. ಭಯವೂ ಆಯಿತು. ನನ್ನ ಜಡೆ ಹೆಣೆದ ಕೈ, ನನಗೆ ಕಡಲೆ ಹುರಿದು ಕೊಟ್ಟ ಕೈ ಇದು. ಆಮೇಲೆ, ಹೇಳಬೇಕೆಂದರೆ, ಅಯ್ಯೋ ಅನ್ನಿಸಿತು. ಮಗ ಸಂಬಳ ತರುತ್ತಾನೆ. ಸೊಸೆಯೂ ನಾಳೆ ತರುತ್ತಾಳೆ. ಈ ಮನೆಯಲ್ಲಿ ಇನ್ನೂ ಅತ್ತೆ ಹೇಳಿದ ಹಾಗೆ ಕೇಳುವವರು ಅಂತ ಉಳಿದಿರುವುದು ಈ ಐದು ವರ್ಷದವಳು ಒಬ್ಬಳೇ. ಆದರೆ ಅಯ್ಯೋ ಅನ್ನಿಸಿತು ಅಂತ ಸುಮ್ಮನಿದ್ದರೆ ಸವಿತಾ ಸೋಮವಾರದ ಬಸ್ಸನ್ನೂ ಬಿಡುತ್ತಾಳೆ.

"ಚಿನ್ನು, ಬಾ ಇಲ್ಲಿ. ಮಿಕ್ಕಿದ್ದನ್ನ ನಾನು ಹೇಳ್ತೀನಿ," ಅಂದೆ. ಕೊನೆ ನನಗೆ ಗೊತ್ತಿಲ್ಲ. ಹೇಳುತ್ತಾ ಹೇಳುತ್ತಾ ಕಟ್ಟಿದೆ.

ದೊಡ್ಡರಾಣಿ ಹೊಳೆ ದಾಟಿ ವಾಪಸು ಬಂದಳು. ಮಗು ನೋಡುತ್ತದೆ, ಇಬ್ಬರು ಅಮ್ಮಂದಿರು. ಒಂದೇ ಸೀರೆ, ಒಂದೇ ಮುಖ. ಮಗು "ಹಸಿವು" ಅಂತು. ಇಬ್ಬರೂ ಮುದ್ದೆ ತಂದರು. (ನಮ್ಮ ಕಡೆ ರಾಣಿಯರೂ ಮುದ್ದೆಯನ್ನೇ ಮಾಡುತ್ತಾರೆ.) ಒಬ್ಬಳು ಮುರಿದು ನೇರ ಬಾಯಿಗಿಡಲು ಬಂದಳು. ಇನ್ನೊಬ್ಬಳು ತುತ್ತನ್ನು ಬೆರಳಲ್ಲಿ ಒತ್ತಿ, ಬಿಸಿ ಎಷ್ಟಿದೆ ನೋಡಿ, ಆಮೇಲೆ ಕೊಟ್ಟಳು. ಮಗು ಅವಳ ಸೆರಗು ಹಿಡಿಯಿತು. ಚಿಕ್ಕರಾಣಿ ಬಂದ ದಾರಿಯಲ್ಲೇ ಹೋದಳು. ಕತೆ ಮುಗಿಯಿತು.

ಆ ಗುರುತು ಎಲ್ಲಿಂದ ಬಂತು? ಅವತ್ತು ಮಧ್ಯಾಹ್ನ ಸವಿತಾ ಚಿನ್ನುಗೆ ಉಣ್ಣಿಸುವಾಗ ಹಾಗೆ ಮಾಡಿದ್ದನ್ನು ನೋಡಿದ್ದೆ.

ಚಿನ್ನುಗೂ ಹೊಳೆಯಿತು. "ನಮ್ಮಮ್ಮನೂ ಒತ್ತಿ ನೋಡ್ತಳೆ," ಅಂದವಳೇ ಎದ್ದು ಓಡಿಹೋಗಿ ಸವಿತಾಳ ಕಾಲು ತಬ್ಬಿಕೊಂಡಳು. ಸವಿತಾ ಅತ್ತಳು. ನನಗೆ ನನ್ನ ಬಗ್ಗೆ ಬಹಳ ಹೆಮ್ಮೆಯಾಯಿತು.

ಇತ್ತ ತಿರುಗಿದರೆ ಅತ್ತೆಯ ಕೈ ನಿಂತಿತ್ತು. ಎಷ್ಟು ಹೊತ್ತಿನಿಂದ ನಿಂತಿತ್ತೋ.

"ಚೆಂದಾಗ್ ಕಟ್ದೆ ಕಣವ್ವ," ಅಂದರು. "ಆದ್ರೆ ಅದರ ಕೊನೆ ಅದಲ್ಲ."

"ಮತ್ತೇನು ಅತ್ತೆ?"

"ಗೋಡೆ ಕೇಳು," ಅಂದು ಮತ್ತೆ ಕಾಳು ಹಿಚುಕತೊಡಗಿದರು.

ಸೋಮವಾರ ಸವಿತಾ ಚಾಮರಾಜನಗರದ ಬಸ್ಸು ಹತ್ತಿದಳು. ಚಿನ್ನು ಟಾಟಾ ಮಾಡಿದಳಂತೆ. ವಾರದ ಕೊನೆಗೆ ಸವಿತಾ ಫೋನ್ ಮಾಡಿದಾಗ ದನಿಯಲ್ಲಿ ಹೊಸ ಹುರುಪು. ಮೈಕ್ರೋಸ್ಕೋಪು, ಯೂನಿಫಾರ್ಮು, ಕ್ಯಾಂಟೀನಿನ ಟೀ, ಎಲ್ಲ ಹೇಳಿದಳು. ಅತ್ತೆ ಹೇಗಿದ್ದಾರೆ ಅಂತ ಕೇಳಿದೆ.

"ಚೆನ್ನಾಗವ್ರೆ ಅಕ್ಕ. ಈಗ ಮಧ್ಯಾನ ಅವರೇ ಮಗೀಗೆ ಉಣ್ಸದು. ಮೊದ್ಲು ಯಾವತ್ತೂ ಇರ್ನಿಲ್ಲ, ಈಗ ಮುದ್ದೇನ ಬೆರಳಲ್ಲಿ ಒತ್ತಿ ನೋಡಿ ಕೊಡ್ತರಂತೆ. ಮೊನ್ನೆ ಇವ್ಳು ನಿದ್ದೆಗಣ್ಣಲ್ಲಿ ಅವರ್ನೇ ಅಮ್ಮ ಅಂದ್ಬುಟ್ಟಳೆ," ಅಂದು ಸವಿತಾ ನಕ್ಕಳು.

ನನಗೆ ನಗು ಬರಲಿಲ್ಲ. ಆ ಸಂಜೆ ನಾನು ಕತೆಯ ಕೊನೆ ಹೇಳಿಕೊಟ್ಟಿದ್ದು ಮಗುವಿಗೋ, ಅತ್ತೆಗೋ?